ಹಿತ್ತಲಿನ ಕೊಳಕ್ಕೆ ಯಾವ ತಳ? ಸಿಮೆಂಟು, ಹಾಳೆ, ಫೈಬರ್ ತೊಟ್ಟಿ, ಕಲ್ಲುಬಾನಿಗಳ ಹೋಲಿಕೆ

ಮನೆಯ ಹಿತ್ತಲಿನಲ್ಲಿ ನಾಲ್ಕು ನೈದಿಲೆ ಅರಳುವಷ್ಟು ಅಗಲದ ಕೊಳವೊಂದಿರಲಿ ಎಂದು ಆಸೆಪಟ್ಟವರು ನಮ್ಮ ಕಡೆ ಮೊದಲು ಕರೆಸುವುದು ಗಾರೆ ಮೇಸ್ತ್ರಿಯನ್ನು. ಮೇಸ್ತ್ರಿ ಬಂದು ಹೆಜ್ಜೆ ಹಾಕಿ ಜಾಗ ಅಳೆದು, ಎಷ್ಟು ಮೂಟೆ ಸಿಮೆಂಟು, ಎಷ್ಟು ಇಟ್ಟಿಗೆ, ಎಷ್ಟು ಆಳು ಎಂದು ನಿಂತಲ್ಲೇ ಲೆಕ್ಕ ಒಪ್ಪಿಸುತ್ತಾರೆ. ಅದರಲ್ಲಿ ಅವರ ತಪ್ಪೇನೂ ಇಲ್ಲ; ಅವರ ಕೈಗೆ ಒಗ್ಗಿದ ಕೆಲಸ ಅದು. ಆದರೆ ಹೀಗೆ, ಬೇರೆ ದಾರಿಗಳಿವೆಯೇ ಎಂದು ಯಾರೂ ಕೇಳುವ ಮೊದಲೇ, ಕೊಳವೆಂದರೆ ಸಿಮೆಂಟು ತೊಟ್ಟಿ ಎಂಬುದು ತೀರ್ಮಾನವಾಗಿಬಿಡುತ್ತದೆ. ಮೈಸೂರಿನ ನಮ್ಮ ಹಿತ್ತಲಿನಲ್ಲಿಯೂ ಆದದ್ದು ಇದೇ. ಆ ಕೊಳದೊಂದಿಗೆ ವರ್ಷಗಟ್ಟಲೆ ಹೆಣಗಿದ ಮೇಲೆ ನಾನು ಮುಟ್ಟಿರುವ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಕೊಳದ ತಳವನ್ನು ನಿಮ್ಮ ಹಿತ್ತಲಿನ ಮಣ್ಣು ಮತ್ತು ನಿಮಗೆ ಸಿಗುವ ನೀರನ್ನು ನೋಡಿ ಆರಿಸಬೇಕು, ಮೇಲಿನ ಅಂದವನ್ನು ನೋಡಿ ಅಲ್ಲ, ಹಾಗೆ ನೋಡಿದಾಗ ಹೆಚ್ಚಿನ ಮನೆಗಳಿಗೆ ಸಿಮೆಂಟು ಮೊದಲ ಆಯ್ಕೆಯಾಗಿ ಉಳಿಯುವುದಿಲ್ಲ.

ಹೋಲಿಕೆಗೆ ಒಂದು ಅಳತೆ ಬೇಕು. 3 ಮೀಟರ್ ಉದ್ದ, 2 ಮೀಟರ್ ಅಗಲ, 60 ಸೆಂಟಿಮೀಟರ್ ಆಳದ ಕೊಳವನ್ನು, ಅಂದರೆ ಹತ್ತಡಿಗೆ ಆರೂವರೆ ಅಡಿಯ, ಎರಡಡಿ ಆಳದ ಕೊಳವನ್ನು ಮಾದರಿಯಾಗಿ ಇಟ್ಟುಕೊಳ್ಳೋಣ. ಗೋಡೆಗಳು ನೇರವಾಗಿದ್ದರೆ ಇದರಲ್ಲಿ 3,600 ಲೀಟರ್ ನೀರು ನಿಲ್ಲುತ್ತದೆ. ಆಳ ಇದಕ್ಕಿಂತ ತೀರಾ ಕಡಿಮೆಯಾದರೆ ಏಪ್ರಿಲ್ ಬಿಸಿಲಿಗೆ ನೀರು ಕಾದು ಮೀನುಗಳು ಸೊರಗುತ್ತವೆ; ಹೆಚ್ಚಾದರೆ ಅಗೆತದ ಖರ್ಚೂ ಮಕ್ಕಳ ಬಗೆಗಿನ ಆತಂಕವೂ ಹೆಚ್ಚುತ್ತವೆ.

ಮೊದಲು ನೀರಿನ ಲೆಕ್ಕ

ಬೇಸಿಗೆಯಲ್ಲಿ ನಮ್ಮ ಬಯಲುಸೀಮೆಯಲ್ಲಿ ತೆರೆದ ನೀರು ದಿನಕ್ಕೆ 5ರಿಂದ 7 ಮಿಲಿಮೀಟರಿನಷ್ಟು ಆವಿಯಾಗುತ್ತದೆ. ಮಾದರಿ ಕೊಳದ ಮೇಲ್ಮೈ 6 ಚದರ ಮೀಟರ್ ಇರುವುದರಿಂದ ಇದು ದಿನಕ್ಕೆ 30ರಿಂದ 42 ಲೀಟರ್, ಅಂದರೆ ಎರಡು ಮೂರು ಕೊಡ ನೀರು. ತಿಂಗಳಿಗೆ ಸಾವಿರ ಲೀಟರಿಗೆ ಹೆಚ್ಚುಕಡಿಮೆ ಸಮ. ತಳ ಎಷ್ಟೇ ಗಟ್ಟಿಯಾಗಿದ್ದರೂ ಈ ನೀರು ಹೋಗಿಯೇ ಹೋಗುತ್ತದೆ, ಅದನ್ನು ತುಂಬಿಸುವ ಮೂಲ ಯಾವುದೆಂದು ಅಗೆಯುವ ಮೊದಲೇ ಗೊತ್ತಿರಬೇಕು. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿಯು ಕುಡಿಯುವ ನೀರನ್ನು ವಾಹನ ತೊಳೆಯಲು, ಕೈತೋಟಕ್ಕೆ, ಅಲಂಕಾರದ ಕಾರಂಜಿಗಳಿಗೆ ಬಳಸಬಾರದೆಂದು ಆದೇಶ ಹೊರಡಿಸಿ, ತಪ್ಪಿದವರಿಗೆ 5,000 ರೂಪಾಯಿ ದಂಡ ನಿಗದಿ ಮಾಡಿತ್ತು. ಅಂಥ ಬೇಸಿಗೆ ಮತ್ತೆ ಬರುವುದಿಲ್ಲವೆಂದು ಯಾರೂ ಹೇಳಲಾರರು.

ಆದ್ದರಿಂದ ಕೊಳಕ್ಕೆ ಒಳ್ಳೆಯ ಬಂಧು ಮಳೆನೀರು. 100 ಚದರ ಮೀಟರ್ ತಾರಸಿಯ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ ಲೆಕ್ಕಕ್ಕೆ 1,000 ಲೀಟರ್, ಸೋರಿಕೆ ಸೋಸಿಕೆ ಕಳೆದು 800 ಲೀಟರ್ ಕೈಗೆ ಸಿಗುತ್ತದೆ. ಎಂದರೆ ಐದಾರು ಒಳ್ಳೆಯ ಮಳೆಗೆ ಕೊಳ ತುಂಬಿ ಕೋಡಿ ಬೀಳುತ್ತದೆ. ವರ್ಷದ ಮೊದಲ ಮಳೆಯ ನೀರು ತಾರಸಿಯ ದೂಳನ್ನೆಲ್ಲ ಹೊತ್ತು ತರುವುದರಿಂದ ಅದನ್ನು ಹೊರಗೆ ಬಿಡಬೇಕು. ಕೊಳವೆಬಾವಿಯ ನೀರು ಗಡುಸಾಗಿದ್ದರೆ ಆವಿಯಾದಂತೆಲ್ಲ ಉಪ್ಪು ಉಳಿದು, ಅಂಚಿನ ಕಲ್ಲಿನ ಮೇಲೆ ಬಿಳಿಯ ಪಟ್ಟೆ ಕೂರುತ್ತದೆ. ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುವುದರಿಂದ ಮೀನಿರುವ ಕೊಳಕ್ಕೆ ಒಮ್ಮೆಲೇ ಬಿಡದೆ, ಡ್ರಮ್ಮಿನಲ್ಲಿ ಒಂದೆರಡು ದಿನ ತೆರೆದಿಟ್ಟು ಹಾಕುವುದು ಕ್ಷೇಮ.

ಜಾಗದ ವಿಚಾರವನ್ನು ಇಲ್ಲಿಯೇ ಮುಗಿಸಿಬಿಡುತ್ತೇನೆ. ನೈದಿಲೆ ತಾವರೆಗಳಿಗೆ ದಿನಕ್ಕೆ ಐದಾರು ಗಂಟೆಯ ಬಿಸಿಲು ಬೇಕು. ಹಲಸು, ಮಾವು, ಹುಣಸೆಯ ಕೆಳಗೆ ಕೊಳ ಮಾಡಿದರೆ ಬಿಸಿಲಿಗಿಂತ ತರಗೆಲೆಯೇ ಹೆಚ್ಚು ಸಿಗುತ್ತದೆ. ನೀರು ಈಶಾನ್ಯದಲ್ಲಿರಬೇಕೆಂದು ಮನೆಯ ಹಿರಿಯರು ಹಟ ಹಿಡಿದರೆ ವಾದಕ್ಕಿಳಿಯಬೇಕಾದ್ದಿಲ್ಲ. ಆ ಮೂಲೆಗೆ ಬೆಳಗಿನ ಎಳೆಬಿಸಿಲು ಬೀಳುತ್ತದೆ, ಮಧ್ಯಾಹ್ನದ ನಂತರದ ಪಡುವಣ ಬಿಸಿಲು ಮನೆಯ ಗೋಡೆಗೆ ತಡೆಯುತ್ತದೆ. ಪಕ್ಕದ ಮನೆಯವರು ಅಲ್ಲಿ ಮೂರು ಮಹಡಿ ಎಬ್ಬಿಸಿದ್ದರೆ ಮಾತ್ರ ವಾಸ್ತುವೂ ಸೂರ್ಯನೂ ಬೇರೆ ಬೇರೆ ದಿಕ್ಕಿಗೆ ಎಳೆಯುತ್ತಾರೆ. ಆಗ ನಾನು ಸೂರ್ಯನ ಕಡೆಗೆ.

ಸಿಮೆಂಟು ಕೊಳ

ಇದರ ಗುಣಗಳನ್ನು ಮೊದಲು ಒಪ್ಪಿಕೊಳ್ಳಬೇಕು. ಬೇಕಾದ ಆಕಾರಕ್ಕೆ ಕಟ್ಟಬಹುದು, ಅಂಚಿನ ಮೇಲೆ ಕೂರಬಹುದು, ಹೆಗ್ಗಣ ಕೊರೆಯಲಾರದು, ಬೇರು ಚುಚ್ಚಲಾರದು, ಕೆಸರೆತ್ತುವಾಗ ಸಲಿಕೆ ತಗುಲಿದರೂ ಹೆದರಬೇಕಾಗಿಲ್ಲ. ಸರಳು ಕಟ್ಟಿ, ತಳ ಮತ್ತು ಗೋಡೆಯನ್ನು ಒಂದೇ ಬಾರಿಗೆ ಕಾಂಕ್ರೀಟು ಹಾಕಿ, ನೀರು ತಡೆಯುವ ಮಿಶ್ರಣ ಸೇರಿಸಿದ ಗಾರೆ ಬಳಿದು, ಚೆನ್ನಾಗಿ ಕ್ಯೂರಿಂಗ್ ಮಾಡಿದ ಕೊಳ ದಶಕಗಟ್ಟಲೆ ಬಾಳುತ್ತದೆ.

ತೊಡಕಿರುವುದು ಆ ವಾಕ್ಯದಲ್ಲಿರುವ ಷರತ್ತುಗಳಲ್ಲಿಯೇ. ನಮ್ಮ ಕೊಳವನ್ನು ಕಟ್ಟಿದ ಗುತ್ತಿಗೆದಾರರು ಸೋಮವಾರ ತಳಕ್ಕೆ ಕಾಂಕ್ರೀಟು ಹಾಕಿ, ಬೇರೆ ಕೆಲಸದ ಮೇಲೆ ಹೋಗಿ, ಶನಿವಾರ ಬಂದು ಅದರ ಮೇಲೆ ಇಟ್ಟಿಗೆ ಗೋಡೆ ಎಬ್ಬಿಸಿದರು. ಆರಿದ ತಳಕ್ಕೂ ಹೊಸ ಗೋಡೆಗೂ ನಡುವೆ ಉಳಿದ ಸಂದು ಕಣ್ಣಿಗೆ ಕಾಣಲಿಲ್ಲ. ಮೇಲೆ ಬಳಿದ ಗಾರೆ ಮೊದಲ ವರ್ಷ ಅದನ್ನು ಮುಚ್ಚಿಟ್ಟಿತು, ಎರಡನೆಯ ಬೇಸಿಗೆಯಲ್ಲಿ ಕೊಳದ ನೀರು ದಿನದಿನಕ್ಕೂ ಇಳಿಯತೊಡಗಿತು. ಬಿಸಿಲಿಗೆ ಆವಿಯಾಗುತ್ತಿದೆ ಎಂದು ಅವರು, ಸೋರುತ್ತಿದೆ ಎಂದು ನಾನು.

ಈ ಜಗಳವನ್ನು ತೀರಿಸುವುದಕ್ಕೆ ಒಂದು ಬಕೆಟ್ ಸಾಕು. ಕೊಳದ ಮೊದಲ ಮೆಟ್ಟಿಲ ಮೇಲೆ ಬಕೆಟ್ಟನ್ನಿಟ್ಟು, ಒಳಗೆ ಕೊಳದ ನೀರಿನ ಮಟ್ಟಕ್ಕೇ ನೀರು ತುಂಬಿ, ಬಕೆಟ್ಟಿನ ಒಳಮೈಯಲ್ಲಿ ಒಂದು ಗೀಟು, ಕೊಳದ ಗೋಡೆಯ ಮೇಲೆ ಒಂದು ಗೀಟು ಎಳೆದೆ. ಬಿಸಿಲು, ಗಾಳಿ ಎರಡಕ್ಕೂ ಒಂದೇ ಆದ್ದರಿಂದ ಆವಿಯಾಗುವುದೂ ಹೆಚ್ಚುಕಡಿಮೆ ಒಂದೇ. ಮಾರನೆಯ ದಿನ ಅದೇ ಹೊತ್ತಿಗೆ ನೋಡಿದಾಗ ಬಕೆಟ್ಟಿನಲ್ಲಿ 6 ಮಿಲಿಮೀಟರ್, ಕೊಳದಲ್ಲಿ 20 ಮಿಲಿಮೀಟರ್ ಇಳಿದಿತ್ತು. ನಡುವಿನ 14 ಮಿಲಿಮೀಟರನ್ನು 6 ಚದರ ಮೀಟರಿಗೆ ಹರಡಿದರೆ 84 ಲೀಟರ್. ದಿನಕ್ಕೆ ಅಷ್ಟು ನೀರು ನೆಲಕ್ಕೆ ಹೋಗುತ್ತಿತ್ತು. ಪಕ್ಕದ ಬಾಳೆ ಆ ಬೇಸಿಗೆಯಲ್ಲಿ ಅಷ್ಟು ಸೊಂಪಾಗಿ ಗೊನೆ ಬಿಟ್ಟದ್ದೇಕೆಂದು ಆಗ ತಿಳಿಯಿತು. ನೀರು ಇಳಿಯುತ್ತಿದೆ ಎನ್ನುವ ಯಾರೇ ಆದರೂ ಸಿಮೆಂಟು ಒಡೆಯುವ ಮೊದಲು ಈ ಪರೀಕ್ಷೆ ಮಾಡಿಕೊಳ್ಳಲಿ.

ಎರಡನೆಯ ತೊಡಕು ಸುಣ್ಣದ್ದು. ಹೊಸ ಸಿಮೆಂಟು ನೀರಿಗೆ ಕ್ಷಾರವನ್ನು ಬಿಡುತ್ತದೆ. ಮೀನುಗಳಿಗೆ ಹಿತವಾದ ಪಿಎಚ್, ಅಂದರೆ ನೀರಿನ ಹುಳಿ-ಕ್ಷಾರದ ಅಳತೆ, ಸುಮಾರು 6.5ರಿಂದ 8.5; ಹೊಸ ತೊಟ್ಟಿಯಲ್ಲಿ ಅದು 10ನ್ನು ದಾಟುವುದುಂಟು. ನೀರು ತುಂಬಿ ಮೂರು ನಾಲ್ಕು ದಿನ ಬಿಟ್ಟು ಖಾಲಿ ಮಾಡುವ ಕೆಲಸವನ್ನು ನಾಲ್ಕೈದು ಸಲ ಮಾಡಬೇಕು. ಮೀನು ಸಾಕುವವರು ಬಾಳೆದಿಂಡನ್ನು ತುಂಡರಿಸಿ ತೊಟ್ಟಿಯ ನೀರಿನಲ್ಲಿ ಕೊಳೆಯಲು ಬಿಡುವುದುಂಟು. ದಿಂಡು ಕೊಳೆತಾಗ ಹುಟ್ಟುವ ಹುಳಿ ಕ್ಷಾರವನ್ನು ತಗ್ಗಿಸುತ್ತದೆ. ಆ ವಾರ ಹಿತ್ತಲ ಬಾಗಿಲು ತೆರೆಯುವಂತಿರುವುದಿಲ್ಲ, ಆದರೆ ಉಪಾಯ ಕೆಲಸ ಮಾಡುತ್ತದೆ. ಆಮೇಲೆ ಪಿಎಚ್ ಅಳೆಯುವ ಕಾಗದದ ಪಟ್ಟಿಯನ್ನು ಅದ್ದಿ ನೋಡಿಯೇ ಮೀನು ಬಿಡಬೇಕು. ಅಂಗಡಿಯಿಂದ ತಂದ ಮೀನನ್ನು ಅದೇ ಸಂಜೆ ಹೊಸ ತೊಟ್ಟಿಗೆ ಬಿಟ್ಟು, ಬೆಳಿಗ್ಗೆ ಎಲ್ಲವೂ ತೇಲುತ್ತಿರುವುದನ್ನು ಕಂಡ ಮನೆಗಳು ನನಗೆ ಒಂದಲ್ಲ ಎರಡಲ್ಲ ಗೊತ್ತು, ನಮ್ಮದನ್ನೂ ಸೇರಿಸಿ.

ಮೂರನೆಯದು ಮಣ್ಣು. ಹಳೆ ಮೈಸೂರಿನ ಕೆಂಪುಮಣ್ಣು ಸಿಮೆಂಟಿಗೆ ಅಷ್ಟೇನೂ ಕಷ್ಟ ಕೊಡದು. ಧಾರವಾಡ, ಗದಗ, ವಿಜಯಪುರದ ಎರೆಮಣ್ಣು ಹಾಗಲ್ಲ: ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಅದರಲ್ಲಿ ಹೂತ ತೆಳುಗೋಡೆಯ ತೊಟ್ಟಿ ಎಷ್ಟೇ ಚೆನ್ನಾಗಿ ಕಟ್ಟಿದ್ದರೂ ಆ ಎಳೆತಕ್ಕೆ ಸೀಳುತ್ತದೆ. ಎರೆಭೂಮಿಯಲ್ಲಿ ನೆಲದೊಳಗೆ ಸಿಮೆಂಟು ಕೊಳ ಬೇಡವೆಂದೇ ನಾನು ಹೇಳುವುದು.

ಕೊನೆಯದಾಗಿ, ಬೇಡವಾದಾಗ ಸಿಮೆಂಟು ಕೊಳವನ್ನು ತೆಗೆಸುವುದಕ್ಕೆ ಕಟ್ಟಿಸಿದಷ್ಟೇ ಕಷ್ಟವಿದೆ. ಇದನ್ನು ಕಟ್ಟಿಸುವಾಗ ಯಾರೂ ಹೇಳುವುದಿಲ್ಲ.

ಹಾಳೆ ಹಾಸಿದ ಕೊಳ

ಕೃಷಿ ಹೊಂಡಗಳಿಂದಾಗಿ ಈ ವಿಧಾನ ನಮ್ಮ ರೈತರಿಗೆ ನಗರದವರಿಗಿಂತ ಚೆನ್ನಾಗಿ ಗೊತ್ತು. 2014ರಿಂದೀಚೆಗೆ ಕೃಷಿ ಭಾಗ್ಯ ಯೋಜನೆಯಲ್ಲಿ ರಾಜ್ಯದ ಒಣಭೂಮಿಯ ಹಳ್ಳಿಗಳಲ್ಲಿ ಹೊಂಡ ತೋಡಿ ಹಾಳೆ ಹಾಸುವ ಕೆಲಸ ನಡೆದಿರುವುದರಿಂದ ತಾಲ್ಲೂಕು ಕೇಂದ್ರಗಳಲ್ಲಿಯೂ ಈ ಹಾಳೆ ಮಾರುವವರಿದ್ದಾರೆ. ಹೊಂಡಗಳಿಗೆ ಹಾಕುವ 500 ಮೈಕ್ರಾನ್ ದಪ್ಪದ, ನೆಯ್ಗೆಯುಳ್ಳ ಎಚ್‌ಡಿಪಿಇ ಎಂಬ ಪ್ಲಾಸ್ಟಿಕ್ ಹಾಳೆಯೇ ಮನೆಯ ಕೊಳಕ್ಕೂ ಆಗುತ್ತದೆ. ಲಾರಿಗೆ ಹೊದಿಸುವ ತೆಳು ನೀಲಿ ಟಾರ್ಪಾಲನ್ನು ಹಾಕಿ ಮಿಗಿಸಿದ ಹಣ ಒಂದೆರಡು ಬೇಸಿಗೆಯಲ್ಲೇ ಸೋರಿಹೋಗುತ್ತದೆ. ಇದಕ್ಕಿಂತ ಮೇಲಿನದು 1 ಮಿಲಿಮೀಟರ್ ದಪ್ಪದ ಇಪಿಡಿಎಂ ರಬ್ಬರ್ ಹಾಳೆ. ಅದು ಹಿಗ್ಗುತ್ತದೆ, ಮಡಿಕೆಯಲ್ಲಿ ಒಡೆಯುವುದಿಲ್ಲ, ಬಿಸಿಲಿಗೆ ಎಚ್‌ಡಿಪಿಇಗಿಂತ ಹೆಚ್ಚು ವರ್ಷ ತಡೆಯುತ್ತದೆ. ಆದರೆ ದುಬಾರಿ, ಎಲ್ಲ ಊರುಗಳಲ್ಲಿ ಸಿಗುವುದೂ ಇಲ್ಲ. ಆಕಾರ ಅಂಕುಡೊಂಕಾಗಿದ್ದರೆ ರಬ್ಬರ್, ನೇರ ಅಂಚಿನದಾದರೆ ಎಚ್‌ಡಿಪಿಇ ಎಂಬುದು ನನ್ನ ಲೆಕ್ಕ.

ಹಾಳೆಯ ಅಳತೆಯನ್ನು ಅಂಗಡಿಯವರ ಅಂದಾಜಿಗೆ ಬಿಡಬಾರದು. ಉದ್ದಕ್ಕೆ ಆಳದ ಎರಡು ಪಟ್ಟು ಮತ್ತು ಎರಡೂ ತುದಿಗೆ 30 ಸೆಂಟಿಮೀಟರಿನಂತೆ ಅಂಚು ಸೇರಿಸಬೇಕು, ಅಗಲಕ್ಕೂ ಹಾಗೆಯೇ. ಮಾದರಿ ಕೊಳಕ್ಕೆ ಉದ್ದ 3 + 1.2 + 0.6, ಒಟ್ಟು 4.8 ಮೀಟರ್; ಅಗಲ 2 + 1.2 + 0.6, ಒಟ್ಟು 3.8 ಮೀಟರ್. ಅಂದರೆ ಸುಮಾರು 18 ಚದರ ಮೀಟರ್, ನಡುವೆ ಹೊಲಿಗೆಯಾಗಲಿ ಬೆಸುಗೆಯಾಗಲಿ ಇಲ್ಲದ ಒಂದೇ ತುಂಡು. ಮನೆಯಲ್ಲಿ ಅಂಟು ಹಾಕಿ ಜೋಡಿಸಿದ ಎರಡು ತುಂಡುಗಳು ನೀರಿನ ಕೆಳಗೆ ಹೆಚ್ಚು ಕಾಲ ಒಟ್ಟಿಗೆ ಬಾಳುವುದಿಲ್ಲ.

ಅಗೆಯುವಾಗ ಗೋಡೆಯನ್ನು ಪೂರ್ತಿ ನೇರವಾಗಿ ಇಳಿಸದೆ, 25 ಸೆಂಟಿಮೀಟರ್ ಆಳದಲ್ಲಿ ಅಷ್ಟೇ ಅಗಲದ ಒಂದು ಮೆಟ್ಟಿಲು ಬಿಡಬೇಕು. ಹಳೇಬೀಡಿನ ಹತ್ತಿರದ ಹುಲಿಕೆರೆಯ ಹೊಯ್ಸಳರ ಕಾಲದ ಕಲ್ಯಾಣಿಯನ್ನು ನೋಡಿದವರಿಗೆ ಇದರ ಉಪಯೋಗ ಹೇಳಬೇಕಾದ್ದಿಲ್ಲ: ನೀರು ಎಷ್ಟೇ ಇಳಿದರೂ ಅದನ್ನು ಮುಟ್ಟಲು ಯಾವುದಾದರೂ ಒಂದು ಮೆಟ್ಟಿಲು ಇದ್ದೇ ಇರುತ್ತದೆ. ನಮ್ಮ ಪುಟ್ಟ ಕೊಳದಲ್ಲಿ ಆ ಮೆಟ್ಟಿಲು ಬಜೆ, ಕೆಸುವಿನಂಥ ದಡದ ಗಿಡಗಳ ಕುಂಡಕ್ಕೆ ಪೀಠವಾಗುತ್ತದೆ, ಬಿದ್ದ ಓತಿಗೂ ಅಳಿಲಿಗೂ ಹತ್ತಿ ಬರುವ ದಾರಿಯಾಗುತ್ತದೆ. ಅಂಚಿನ ಮಟ್ಟವನ್ನು ಕಣ್ಣಂದಾಜಿಗೆ ಬಿಡದೆ, ಗಾರೆಯವರು ಬಳಸುವ ನೀರು ತುಂಬಿದ ಲೆವೆಲ್ ಪೈಪಿನಿಂದ ನಾಲ್ಕೂ ಕಡೆ ಗುರುತು ಮಾಡಬೇಕು. ಒಂದು ಕಡೆ ಎರಡಂಗುಲ ತಗ್ಗಿದ್ದರೂ ನೀರು ಅಲ್ಲಿಂದಲೇ ಹೊರಳಿ, ಎದುರಿನ ದಡದಲ್ಲಿ ಹಾಳೆ ಬತ್ತಲಾಗಿ ಕಾಣುತ್ತದೆ.

ಹಾಳೆಯ ನಿಜವಾದ ಶತ್ರುಗಳು ಮೂರು. ಮೊದಲನೆಯದು ಕೆಳಗಿನ ಚೂಪುಕಲ್ಲು. ಅದಕ್ಕೆ ಎರಡಂಗುಲ ಮರಳು ಹಾಸಿ, ಮೇಲೆ ಹಳೆಯ ಜಮಖಾನೆ ಅಥವಾ ಗೋಣಿತಾಟು ಹೊದಿಸಿದರೆ ಸಾಕು. ಎರಡನೆಯದು ಬಿಸಿಲು, ನೀರಿನ ಕೆಳಗಿರುವ ಹಾಳೆಗೆ ಏನೂ ಆಗುವುದಿಲ್ಲ, ನೀರಿನ ಮೇಲೆ ಕಾಣುವ ಅಂಚು ಮಾತ್ರ ಕೆಲವೇ ವರ್ಷಗಳಲ್ಲಿ ಗರಿಗರಿಯಾಗಿ ಮುರಿಯುತ್ತದೆ, ಆದ್ದರಿಂದ ಅಂಚನ್ನು ಕಲ್ಲುಚಪ್ಪಡಿಯ ಕೆಳಗೆ ಪೂರ್ತಿ ಮರೆಮಾಡಬೇಕು. ಮೂರನೆಯದು ಹೆಗ್ಗಣ. ಬೇರೆ ದೇಶದ ಕೈಪಿಡಿಗಳನ್ನು ನೋಡಿ ಕೊಳ ಮಾಡುವವರು ಮರೆಯುವುದು ಇದನ್ನೇ. ಹೆಗ್ಗಣ ಮಣ್ಣಿನ ಕಡೆಯಿಂದ ಬಿಲ ತೋಡಿಕೊಂಡು ಬಂದು, ಎದುರಾದ ಹಾಳೆಯನ್ನು ಹಲ್ಲಿನಿಂದಲೇ ಕತ್ತರಿಸುತ್ತದೆ. ಹಿತ್ತಲಿನಲ್ಲಿ ಹೆಗ್ಗಣದ ಬಿಲಗಳಿದ್ದರೆ ಗೋಣಿಯ ಕೆಳಗೆ ಸಣ್ಣ ಕಣ್ಣಿನ ಕಬ್ಬಿಣದ ಜಾಲರಿ ಹಾಕದೆ ಹಾಳೆ ಹಾಸಲೇಬಾರದು. ಬಿದಿರು ಹಿಂಡಿಲು ಹತ್ತಿರವಿದ್ದರೂ ಹಾಳೆ ಬೇಡ. ಜೊಂಡನ್ನು ಕುಂಡವಿಲ್ಲದೆ ನೇರವಾಗಿ ತಳದ ಕೆಸರಿನಲ್ಲಿ ನೆಡುವುದೂ ಬೇಡ.

ಕರಾವಳಿಯಲ್ಲಿ ಇನ್ನೊಂದು ಪೇಚಿದೆ. ಮಳೆಗಾಲದಲ್ಲಿ ಬಾವಿಯ ನೀರು ಕಟ್ಟೆಯವರೆಗೆ ಏರುವ ಊರುಗಳಲ್ಲಿ ನೆಲದೊಳಗಿನ ನೀರು ಹಾಳೆಯನ್ನು ಕೆಳಗಿನಿಂದ ಎತ್ತಿ, ಕೊಳದ ನಡುವೆ ತಿಮಿಂಗಿಲದ ಬೆನ್ನಿನಂತೆ ಉಬ್ಬಿಸುತ್ತದೆ. ಅಂಥ ಕಡೆ ನೆಲದ ಮೇಲೆಯೇ ಮುರಕಲ್ಲಿನ ಕಟ್ಟೆ ಕಟ್ಟಿ ಅದರೊಳಗೆ ಹಾಳೆ ಹಾಕುವುದು ಲೇಸು.

ಇಷ್ಟೆಲ್ಲ ಹೇಳಿದರೂ ನನ್ನ ಮತ ಹಾಳೆಗೇ. ಇಬ್ಬರು ಆಳುಗಳಿದ್ದರೆ ಎರಡು ಮೂರು ದಿನದಲ್ಲಿ ಮುಗಿಯುತ್ತದೆ, ಸುಣ್ಣದ ಕಾಟವಿಲ್ಲ, ಎರೆಮಣ್ಣು ಅಲುಗಾಡಿದರೆ ತಾನೂ ಅದರೊಂದಿಗೆ ಬಾಗುತ್ತದೆ. ಬೇಡವೆನಿಸಿದರೆ ಎತ್ತಿ ಮಡಿಚಿ, ಮಣ್ಣು ಮುಚ್ಚಿ ಬಾಳೆ ನೆಡಬಹುದು.

ಫೈಬರ್ ತೊಟ್ಟಿ, ಕಲ್ಲುಬಾನಿ, ಜೇಡಿಮಣ್ಣು

ಸಿದ್ಧವಾಗಿ ಸಿಗುವ ಫೈಬರ್ ತೊಟ್ಟಿಗಳು ಬಾಡಿಗೆ ಮನೆಯವರಿಗೆ ಹೇಳಿ ಮಾಡಿಸಿದಂತಿವೆ, ಹೋಗುವಾಗ ಹೊತ್ತುಕೊಂಡು ಹೋಗಬಹುದು. ಆದರೆ ಹಿಡಿಸುವ ನೀರಿಗೆ ಹೋಲಿಸಿದರೆ ಬೆಲೆ ಹೆಚ್ಚು, ಆಳ ಕಡಿಮೆ. ಹೂಳುವಾಗ ಒಳಗೆ ನಾಲ್ಕಂಗುಲ ನೀರು, ಹೊರಗೆ ಸುತ್ತ ನಾಲ್ಕಂಗುಲ ಮರಳು, ಮತ್ತೆ ನೀರು, ಮತ್ತೆ ಮರಳು ಎಂದು ಎರಡನ್ನೂ ಸಮವಾಗಿ ಏರಿಸಬೇಕು. ಇಲ್ಲದಿದ್ದರೆ ಗೋಡೆ ಸೊಟ್ಟಗಾಗುತ್ತದೆ. ಕರಾವಳಿಯ ಮಳೆಗಾಲದಲ್ಲಿ ತೊಳೆಯಲೆಂದು ಖಾಲಿ ಮಾಡಿದ ತೊಟ್ಟಿ ನೆಲದಿಂದ ದೋಣಿಯಂತೆ ಮೇಲೇಳುವುದೂ ಉಂಟು.

ತಾರಸಿಯ ಮೇಲೆ ಕೊಳ ಬೇಕೆನ್ನುವವರು ಒಂದು ಲೆಕ್ಕ ನೋಡಬೇಕು. 60 ಸೆಂಟಿಮೀಟರ್ ಆಳದ ನೀರು ಪ್ರತಿ ಚದರ ಮೀಟರಿಗೆ 600 ಕಿಲೋ ತೂಗುತ್ತದೆ. ಜನ ಓಡಾಡುವ ತಾರಸಿಗೆ ನಮ್ಮ ಕಟ್ಟಡ ಮಾನದಂಡ ಹಿಡಿಯುವ ಹೊರೆ ಚದರ ಮೀಟರಿಗೆ ಸುಮಾರು 150 ಕಿಲೋ. ನಾಲ್ಕು ಪಟ್ಟು ವ್ಯತ್ಯಾಸವಿದು. ಎಂಜಿನಿಯರನ್ನು ಕೇಳದೆ ಯಾರೂ ಮಾಡಬಾರದ ಕೆಲಸ. ತಾರಸಿಗೆ ಕೈಯಲ್ಲಿ ಎತ್ತಿಡಬಹುದಾದ ಒಂದೆರಡು ಅಗಲ ಟಬ್ಬು, ಅದರಲ್ಲಿ ಪುಟ್ಟ ಜಾತಿಯ ನೈದಿಲೆ, ಅಷ್ಟೇ ಸರಿ.

ಕಲ್ಲುಬಾನಿಯ ಮೇಲೆ ನನಗೆ ಸ್ವಲ್ಪ ಪಕ್ಷಪಾತವಿದೆ. ದನಗಳಿಗೆ ನೀರಿಡುತ್ತಿದ್ದ ಹಳೆಯ ಬಾನಿಗಳು ಹಟ್ಟಿ ಖಾಲಿಯಾದ ಮನೆಗಳಲ್ಲಿ ಮಗುಚಿ ಬಿದ್ದಿರುತ್ತವೆ; ಹೊಸದಾಗಿ ಕೆತ್ತಿಕೊಡುವ ಕಲ್ಲುಕುಟಿಗರೂ ಇದ್ದಾರೆ. ಒಳ ಅಳತೆ ನಾಲ್ಕಡಿ ಉದ್ದ, ಎರಡಡಿ ಅಗಲ, 40 ಸೆಂಟಿಮೀಟರ್ ಆಳವಿದ್ದರೆ ಹತ್ತಿರ ಹತ್ತಿರ 300 ಲೀಟರ್ ಹಿಡಿಯುತ್ತದೆ. ಅದರ ಕಲ್ಲಿನ ತೂಕವೇ ಮುಕ್ಕಾಲು ಟನ್ನಿನಷ್ಟಾಗುವುದರಿಂದ ಗೇಟಿನಿಂದ ಹಿತ್ತಲಿಗೆ ತರುವ ದಾರಿಯನ್ನು ಮೊದಲು ಅಳೆಯಬೇಕು. ಒಮ್ಮೆ ಕೂತಮೇಲೆ ಮಾತ್ರ ಅದು ಸೋರುವುದಿಲ್ಲ, ಸುಣ್ಣ ಬಿಡುವುದಿಲ್ಲ, ಹೆಗ್ಗಣಕ್ಕೆ ಹೆದರುವುದಿಲ್ಲ. ದಿನಕ್ಕೆ ಆವಿಯಾಗುವುದು ಐದು ಲೀಟರ್, ಅಕ್ಕಿ ತೊಳೆಯುವಷ್ಟು ನೀರು. ಒಂದೇ ಒಂದು ನೈದಿಲೆ, ಹತ್ತು ಹದಿನೈದು ಗಪ್ಪಿ ಮೀನು, ಅಂಚಿನ ಮೇಲೆ ನೀರು ಕುಡಿಯಲು ಬರುವ ಪಿಕಳಾರ. ಮೂವತ್ತು ನಲವತ್ತರ ಅಳತೆಯ ನಿವೇಶನದಲ್ಲಿ ಮನೆ ಕಟ್ಟಿ ಉಳಿದ ಜಾಗಕ್ಕೆ ಇದಕ್ಕಿಂತ ಒಪ್ಪುವುದು ಇನ್ನೊಂದಿಲ್ಲ.

ಜೇಡಿಮಣ್ಣು ಮಿದಿದು ತಳ ಕಟ್ಟುವುದು ನಮ್ಮ ಕೆರೆಗಳ ಹಳೆಯ ವಿದ್ಯೆ. ಆದರೆ ನೀರು ಒಮ್ಮೆ ಬತ್ತಿ ತಳ ಬಿರಿದರೆ ಮಾಡಿದ್ದೆಲ್ಲ ವ್ಯರ್ಥ. ವರ್ಷವಿಡೀ ಹರಿನೀರು ಇರುವ ಮಲೆನಾಡಿನ ತೋಟಗಳಲ್ಲಿ ಸರಿ, ಬೇರೆ ಕಡೆ ಬೇಡ.

ಕಾರಂಜಿಯೇ, ನಿಂತ ನೀರೇ?

ಈ ಪ್ರಶ್ನೆಗೆ ಉತ್ತರ ನೀವು ಬೆಳೆಸುವ ಹೂವಿನಲ್ಲಿದೆ. ನೈದಿಲೆಗೆ ಎಲೆಯ ಮೇಲೆ ಸದಾ ನೀರು ಸಿಡಿಯುವುದು ಒಗ್ಗುವುದಿಲ್ಲ. ಎಲೆ ಕೊಳೆಯುತ್ತದೆ, ಮೊಗ್ಗು ನಿಲ್ಲುತ್ತದೆ. ಕಾರಂಜಿಯೂ ನೈದಿಲೆಯೂ ಎರಡೂ ಬೇಕೆಂದರೆ ಮಾದರಿ ಕೊಳದ ಅಳತೆಯಲ್ಲಿ ಎರಡೂ ಅರೆಬರೆಯಾಗುತ್ತವೆ. ಬಣ್ಣದ ಮೀನಿನ ಆಸೆಯುಳ್ಳವರಿಗೆ ನೀರು ಓಡಾಡಬೇಕು, ಅದರಲ್ಲೂ ಕೋಯಿ ಮೀನಿಗೆ ಒಂದು ಮೀಟರಿನಷ್ಟು ಆಳ, ದೊಡ್ಡ ಸೋಸುತೊಟ್ಟಿ ಎರಡೂ ಬೇಕು. ಮೇಲಾಗಿ ಅದು ನೈದಿಲೆಯ ಬೇರನ್ನು ಕೆದಕಿ ಕಿತ್ತುಹಾಕುತ್ತದೆ. ನನ್ನನ್ನು ಕೇಳಿದರೆ ಕೋಯಿ ಹಿತ್ತಲಿನ ಮೀನಲ್ಲ.

ಪಂಪಿನ ಪೆಟ್ಟಿಗೆಯ ಮೇಲೆ ಬರೆದಿರುವ ಗಂಟೆಗೆ 1,500 ಲೀಟರ್, 2,000 ಲೀಟರ್ ಎಂಬ ಅಂಕಿ ನೀರನ್ನು ಮೇಲೆತ್ತದೆ ತಳ್ಳಿದಾಗಿನದು. ಎತ್ತರ ಏರಿದಂತೆ ಅದು ಬೇಗ ಕುಸಿಯುತ್ತದೆ. 40 ವ್ಯಾಟಿನ ಪಂಪು ದಿನಕ್ಕೆ 8 ಗಂಟೆ ಓಡಿದರೆ ತಿಂಗಳಿಗೆ ಹತ್ತು ಯುನಿಟ್ ಸಹ ಆಗುವುದಿಲ್ಲ, ಆದ್ದರಿಂದ ವಿದ್ಯುತ್ ಬಿಲ್ಲಿಗಿಂತ ವಿದ್ಯುತ್ ಆಘಾತದ ಚಿಂತೆ ಮುಖ್ಯ. 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದೊಡನೆ ತಾನೇ ಸಾಲನ್ನು ಕಡಿಯುವ ಸ್ವಿಚ್ಚು, ಇಲ್ಲದ ಸಾಲಿನಿಂದ ಕೊಳದ ಪಂಪಿಗೆ ಕರೆಂಟು ಕೊಡಬಾರದು, ಕೊಳಕ್ಕೆ ಕೈ ಹಾಕುವ ಮೊದಲು ಪ್ಲಗ್ ಕೀಳಬೇಕು. ತೇಲುವ ಸೌರ ಕಾರಂಜಿಗಳಿಗೆ ಆ ಭಯವಿಲ್ಲ, ಮೋಡ ಬಂದೊಡನೆ ಕಾರಂಜಿಯೂ ಇರುವುದಿಲ್ಲ.

ನೀರು ಅಲುಗಿದರೆ ಸೊಳ್ಳೆಯಾಗದು ಎಂಬುದು ಅರ್ಧ ಸತ್ಯ. ಕಾರಂಜಿಯ ಸುತ್ತ ಆಗುವುದಿಲ್ಲ, ಮೂಲೆಗಳಲ್ಲಿ ಆಗುತ್ತದೆ. ಮೊಟ್ಟೆಯಿಂದ ಸೊಳ್ಳೆಯಾಗಲು ನಮ್ಮ ಹವೆಯಲ್ಲಿ ವಾರದಿಂದ ಹತ್ತು ದಿನ ಸಾಕು. ರಾಜ್ಯ ಸರ್ಕಾರ 2024ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಉತ್ಪತ್ತಿಗೆ ಎಡೆಮಾಡಿಕೊಡುವ ಮನೆಯವರಿಗೂ ದಂಡ ಗೊತ್ತುಮಾಡಿದೆ. ನೆರೆಮನೆಯವರ ದೂರಿಗೆ ಮದ್ದು ಮೀನು. 1920ರ ದಶಕದ ಕೊನೆಯಲ್ಲಿ ಇಟಲಿಯಿಂದ ತಂದ ಗಂಬೂಸಿಯಾ ಮೀನು ಸೊಳ್ಳೆಮರಿಗಳನ್ನು ತಿನ್ನುವುದೇನೋ ನಿಜ, ಆದರೆ ಅದು ಕಪ್ಪೆಮರಿಗಳನ್ನೂ ಇತರ ಮೀನುಗಳ ಮೊಟ್ಟೆಗಳನ್ನೂ ಬಿಡುವುದಿಲ್ಲ. ಗಪ್ಪಿಯೂ ಹೊರಗಿನದೇ, ಆದರೆ ಅಷ್ಟು ಜಗಳಗಂಟಿಯಲ್ಲ. ನೆತ್ತಿಯ ಮೇಲೆ ಬೆಳ್ಳಿಯ ಚುಕ್ಕೆ ಹೊಳೆಯುವ, ನಮ್ಮ ಹಳ್ಳ ಗದ್ದೆಗಳದ್ದೇ ಆದ ಪಂಚಾಕ್ಸ್ ಮೀನು ಸಿಕ್ಕರೆ ಅದೇ ಎಲ್ಲಕ್ಕಿಂತ ಮೇಲು. ನೀರಿನ ಮೇಲ್ಪದರದಲ್ಲೇ ಅದರ ವಾಸ, ಸೊಳ್ಳೆಮರಿ ಉಸಿರಾಡಲು ಬರುವುದೂ ಅಲ್ಲಿಗೇ. ಯಾವ ಮೀನನ್ನೇ ಆಗಲಿ, ಸಾಕಾಯಿತೆಂದು ಕೆರೆಗೆ ಬಿಡಬಾರದು. ನೀರಿನ ಮೇಲೆ ಹಬ್ಬುವ ಅಂತರಗಂಗೆ ಕಳೆಯನ್ನೂ ಕೊಳಕ್ಕೆ ತರಲೇಬಾರದು.

ಹೊಸ ಕೊಳದ ನೀರು ಮೊದಲ ಕೆಲವು ವಾರ ಹಸಿರಾಗುತ್ತದೆ. ಗಾಬರಿಯಿಂದ ನೀರು ಬದಲಿಸಿದರೆ ಹೊಸ ನೀರಿನೊಂದಿಗೆ ಮತ್ತೆ ಮೊದಲಿನಿಂದ ಶುರು. ಕುಂಡಕ್ಕೆ ಗೊಬ್ಬರ ಸುರಿಯದೆ ಕೆರೆಗೋಡು ತುಂಬಿ, ಮೇಲೆ ಜಲ್ಲಿ ಮುಚ್ಚಿ, ಎಲೆಗಳು ನೀರಿನ ಅರ್ಧಕ್ಕಿಂತ ತುಸು ಹೆಚ್ಚು ಭಾಗವನ್ನು ಆವರಿಸುವವರೆಗೆ ಕಾದರೆ ನೀರು ತಾನೇ ತಿಳಿಯಾಗುತ್ತದೆ. ವರ್ಷಕ್ಕೊಮ್ಮೆ, ಮುಂಗಾರಿಗೆ ಮೊದಲು ಕೆಸರೆತ್ತುವುದು, ವಾರಕ್ಕೊಮ್ಮೆ ಕೊಳೆತ ಎಲೆ ತೆಗೆಯುವುದು, ಕೋಡಿಯ ಪೈಪಿನ ಬಾಯಿಗೆ ಕಸ ಕಟ್ಟದಂತೆ ನೋಡುವುದು: ನಿರ್ವಹಣೆ ಇಷ್ಟೇ. ಕೋಡಿಯ ನೀರು ಇಂಗುಬಾವಿಗೆ ಹೋಗಲಿ, ಪಕ್ಕದವರ ಕಾಂಪೌಂಡಿನ ಬುಡಕ್ಕಲ್ಲ.

ಐದು ವರ್ಷದೊಳಗಿನ ಮಕ್ಕಳಿರುವ ಮನೆಗೆ ಮಾತ್ರ ನನ್ನ ಸಲಹೆ ಬೇರೆ. ಅಂಗೈ ಆಳದ ನೀರೂ ಮಗುವಿಗೆ ಅಪಾಯ, ಅದಕ್ಕೆ ನಿಮಿಷಗಳು ಸಾಕು. ನೀರಿನ ಮಟ್ಟಕ್ಕಿಂತ ತುಸು ಮೇಲೆ, ಮಗುವಿನ ತಲೆ ತೂರದಷ್ಟು ಇಕ್ಕಟ್ಟಾದ ಕಣ್ಣಿನ ಕಬ್ಬಿಣದ ಜಾಲರಿಯನ್ನು ಕೊಳದ ಪೂರ್ತಿ ಅಗಲಕ್ಕೆ, ಮಗುವಿನ ಭಾರಕ್ಕೆ ಬಾಗದಂತೆ ಕೂರಿಸಬೇಕು, ಇಲ್ಲವೇ ಬೀಗವಿರುವ ಬೇಲಿ ಹಾಕಬೇಕು. ಎರಡೂ ಆಗದಿದ್ದರೆ ಮಗು ದೊಡ್ಡದಾಗುವವರೆಗೆ ಕೊಳ ಕಾಯಲಿ.

ಈಗಾಗಲೇ ಸಿಮೆಂಟು ಕೊಳ ಕಟ್ಟಿಸಿ ಅದು ಸೋರುತ್ತಿದ್ದರೆ, ಒಡೆಸುವ ಆತುರ ಬೇಡ, ನಾನು ಒಡೆಸಲಿಲ್ಲ. ನೀರು ಖಾಲಿ ಮಾಡಿ, ಚೂಪಾದ ಮೂಲೆಗಳನ್ನು ಉಜ್ಜುಗಲ್ಲಿನಿಂದ ಮೊಂಡು ಮಾಡಿ, ಒಳಗೆಲ್ಲ ಹಳೆಯ ಜಮಖಾನೆ ಹೊದಿಸಿ, ಅದರ ಮೇಲೆ 500 ಮೈಕ್ರಾನ್ ಹಾಳೆಯನ್ನು ಬಿಸಿಲಿನಲ್ಲಿ ಅರ್ಧ ಗಂಟೆ ಹರವಿ ಮೆತ್ತಗಾಗಿಸಿ ಹಾಸಿದೆವು. ಮೂಲೆಗಳಲ್ಲಿ ಪಂಚೆಯ ನೆರಿಗೆಯಂತೆ ಒಂದೇ ದಿಕ್ಕಿಗೆ ಮಡಿಸಬೇಕು. ಅಂಚನ್ನು ಗೋಡೆಯ ನೆತ್ತಿಯ ಮೇಲೆ ತಂದು, ಹಳೆಯ ಚಪ್ಪಡಿಗಳನ್ನು ಅದರ ಮೇಲೆ ಗಾರೆಯಿಂದ ಕೂರಿಸಬೇಕು. ನೀರನ್ನು ಮೂರನೇ ಒಂದು ಭಾಗ ತುಂಬಿ ಒಂದು ದಿನ ಬಿಟ್ಟು, ಹಾಳೆ ತಳಕ್ಕೆ ಅಂಟಿ ಕೂತಮೇಲೆ ಉಳಿದದ್ದನ್ನು ತುಂಬಿದರೆ ಮಡಿಕೆಗಳು ಎಳೆಯುವುದಿಲ್ಲ. ತುಂಬಿದ ಮಾರನೆಯ ದಿನದಿಂದ ಮತ್ತೆ ಮೆಟ್ಟಿಲ ಮೇಲೆ ಬಕೆಟ್ ಇಟ್ಟು ನೋಡಿದೆ. ಎರಡೂ ಗೀಟುಗಳಿಂದ ನೀರು ಒಂದೇ ಸಮ ಇಳಿದಿತ್ತು. ಬಾಳೆಗೆ ಆ ಬೇಸಿಗೆಯಿಂದ ಬೇರೆ ನೀರು ಹಾಯಿಸಬೇಕಾಯಿತು.